ನಡುಹಗಲಿನ ದಣಿಯ ಪಂಕ್ತಿ

ಮುತ್ತಜ್ಜನ ಮುತ್ತಜ್ಜನಿಗೂ ಇನ್ನೂ ಮೀಸೆ ಮೂಡದಿದ್ದ ಕಾಲದಲ್ಲಿ ಸುಣ್ಣದಕೋಟೆ ಎಂಬ ರಾಜ್ಯವಿತ್ತು. ಕೋಟೆಯ ಪಡುವಣ ಬಾಗಿಲು ದಾಟಿದರೆ ಬರೀ ಮರಳುಗಾಡು. ಹನ್ನೆರಡು ದಿನ ನಡೆದರೆ ಇನ್ನೊಂದು ರಾಜ್ಯ. ಸುಣ್ಣದಕೋಟೆಯ ರಾಜ ಕೆಟ್ಟವನೇನಲ್ಲ, ಆದರೆ ಅವನಿಗೆ ಓಲೆ ಬರೆಯುವ ಚಟ. ಆಚೆಯ ರಾಜನಿಗೆ ನೆಗಡಿಯೆಂದು ಸುದ್ದಿ ಬಂದರೆ ಒಂದು ಓಲೆ, ನೆಗಡಿ ಇಳಿಯಿತೇ ಎಂದು ಕೇಳಲು ಇನ್ನೊಂದು. ಬರೆಯುವವನಿಗೇನು, ನೆರಳಲ್ಲಿ ಕೂತು ಬರೆದ. ಅದನ್ನು ಹೊತ್ತು ಬಿಸಿಲಲ್ಲಿ ನಡೆಯುವವನು ಓಲೆಕಾರ ಭರಮಣ್ಣ.

ಭರಮಣ್ಣನಂಥ ಮೆದು ಮನುಷ್ಯ ಇಡೀ ರಾಜ್ಯದಲ್ಲಿ ಇರಲಿಲ್ಲ. ಯಾರ ಮನೆಗೆ ಹೋದರೂ ಬಡಿಸುವವರು ಬೇಜಾರಾದಾರೆಂದು ಹಸಿವಿಲ್ಲದಿದ್ದರೂ ಉಣ್ಣುತ್ತಿದ್ದ. ಅವನ ತಂಗಿ ನಿಂಬವ್ವ ಅದಕ್ಕೆ ತದ್ವಿರುದ್ಧ. ಅವಳದು ಮುಖಕ್ಕೆ ಹೊಡೆದಂಥ ಮಾತು. ಈ ಹುಡುಗಿಗೆ ನಯ ನಾಜೂಕು ಯಾವಾಗ ಬರುತ್ತದೋ ಎಂದು ನೆರೆಮನೆಯವರೆಲ್ಲ ಆಡಿಕೊಳ್ಳುತ್ತಿದ್ದರು. ಅದು ಬರಲೇ ಇಲ್ಲ.

ಒಮ್ಮೆ ಓಲೆ ಹಿಡಿದು ಹೋದ ಭರಮಣ್ಣ ತಿರುಗಿ ಬರಲಿಲ್ಲ. ಒಂದು ವರ್ಷವಾಯಿತು, ಎರಡಾಯಿತು, ಮೂರಾಯಿತು. ದಾರಿ ಕಾದು ಕಾದು ತಾಯಿ ತೀರಿಕೊಂಡಳು. ಮಣ್ಣು ಮಾಡಿ ಮನೆಗೆ ಬಂದ ನಿಂಬವ್ವ ಹೊಸ್ತಿಲ ಮೇಲೆ ಕೂತಳು. ಅಪ್ಪ ಎಂದೋ ತೀರಿಹೋಗಿದ್ದ. ಇನ್ನು ಅಣ್ಣನೂ ಬರದಿದ್ದರೆ ತನ್ನವರೆನ್ನುವವರು ಈ ಭೂಮಿಯ ಮೇಲೆ ಯಾರೂ ಇಲ್ಲವೆಂದು ಅವಳಿಗೆ ಆಗ ಹೊಳೆಯಿತು. ಮರುದಿನವೇ ಖಡಕ್ ರೊಟ್ಟಿಯ ಗಂಟು ಕಟ್ಟಿ, ನೀರಿನ ತೊಗಲಚೀಲ ಹೆಗಲಿಗೆ ಹಾಕಿ, ಪಡುವಣ ಬಾಗಿಲು ದಾಟಿದಳು.

ಮೂರನೆಯ ದಿನ ಇಳಿಹೊತ್ತಿಗೆ ಮೇಕೆಕೂದಲಿನ ಒಂದು ಡೇರೆ ಸಿಕ್ಕಿತು. ಒಳಗೆ ಸಂಗಜ್ಜಿ ಎಂಬ ಮುದುಕಿ, ಸುತ್ತ ಹತ್ತಾರು ಮೇಕೆ. ಯಾರು ಏನು ಎಂದು ಮುದುಕಿ ಕೇಳಲಿಲ್ಲ. ಬಾಯಾರಿ ಬಂದವರನ್ನು ನೀರು ಕುಡಿಯುವ ಮೊದಲು ಹೆಸರು ಕೇಳುವುದು ಆ ನಾಡಿನಲ್ಲಿ ಮರ್ಯಾದೆಯಲ್ಲ. ಹಿಟ್ಟು ಕಲಸಿ, ಕೆಂಡ ಸರಿಸಿ, ಬಿಸಿ ಮರಳಿನಲ್ಲೇ ಹೂತಳು. ಬೆಂದ ಮೇಲೆ ತೆಗೆದು ಅಂಗೈಯಿಂದ ಪಟಪಟ ಬಡಿದಳು. ಮರಳು ಒಂದು ಕಾಳೂ ಉಳಿಯಲಿಲ್ಲ. ಜೊತೆಗೆ ನೊರೆಹಾಲು. ಬಟ್ಟಲು ತೊಳೆಯಲು ನೀರೆಲ್ಲಿಂದ ತರಬೇಕು, ಮರಳಲ್ಲೇ ತಿಕ್ಕಿ ಫಳಫಳ ಮಾಡಿದಳು.

ಉಣ್ಣುವಾಗ ನಿಂಬವ್ವ ನೋಡಿದಳು. ಯಾರೂ ಇಲ್ಲದ ಕಡೆಗೆ ಇನ್ನೊಂದು ಬಟ್ಟಲು ಇಟ್ಟಿತ್ತು.

"ಇದು ಯಾರಿಗಜ್ಜಿ?"

"ನನ್ನ ಮಗಗ. ನಡುಹಗಲಿನ ದಣಿ ಊಟಕ್ಕ ಕರದಾನ. ಹೋಗ್ಯಾನ."

"ಯಾವಾಗ ಹೋದ?"

ಮುದುಕಿ ಬೊಚ್ಚುಬಾಯಿ ಒರೆಸಿಕೊಂಡಳು. "ನನ್ನ ಹಲ್ಲು ಗಟ್ಟಿ ಇದ್ದಾಗ ಹೋದ. ಇನ್ನೂ ಉಣ್ಣಾಕತ್ಯಾನಂತ, ಕಂಡವರು ಹೇಳತಾರ."

ನಿಂಬವ್ವನಿಗೆ ಯಾರು ಬಡಿಸಿದರೂ ಒಲ್ಲೆ ಅನ್ನದ ಅಣ್ಣ ನೆನಪಾದ.

ಆರನೆಯ ದಿನ ಒಂದು ಬಾವಿ. ಫಕೀರಪ್ಪ ಎಂಬ ಒಂಟಿ ಗಂಡಸು ಒಂಟೆಗೆ ಹಗ್ಗ ಕಟ್ಟಿ ನೀರು ಎಳೆಸುತ್ತಿದ್ದ. ಹಗ್ಗ ಎಳೆಯುತ್ತ ಒಂಟೆ ದೂರ ದೂರ ಹೋಗಿ ಚುಕ್ಕೆಯಷ್ಟಾದಾಗ ಮೇಲಕ್ಕೆ ಒಂದು ಕೊಡ ನೀರು ಬರುತ್ತಿತ್ತು. ಬಾವಿ ಅಷ್ಟು ಆಳ. ಬಂದ ನೀರನ್ನು ಮೊದಲು ನಿಂಬವ್ವನ ಚೀಲಕ್ಕೆ ತುಂಬಿದ, ಆಮೇಲೆ ಒಂಟೆಗೆ ಕುಡಿಸಿದ, ಮಿಕ್ಕಿದ್ದನ್ನು ತಾನು ಕುಡಿದ. ಅದೇ ಅಲ್ಲಿಯ ಪದ್ಧತಿ. ಅವಳ ಕತೆ ಕೇಳಿ ಪಡುವಣಕ್ಕೆ ಕೈ ತೋರಿಸಿದ.

"ಇಲ್ಲಿಂದ ಮೂರು ದಿನ ನಡದರ ನಡುಹಗಲಿನ್ಯಾಗ ತುಪ್ಪದ ವಾಸನಿ ಬರತೈತಿ. ಆ ಕಡೆ ಹೋಗಬ್ಯಾಡ ತಂಗಿ."

"ನಮ್ಮಣ್ಣ ಅಲ್ಲೇ ಇದ್ರ?"

"ಇದ್ರೂ ಹೋಗಬ್ಯಾಡ. ನನ್ನ ಹೆಂಡತಿ ದುರುಗವ್ವ ಅಲ್ಲೇ ಅದಾಳ. ದೂರ ನಿಂತು ನೋಡಿ ಬಂದೀನಿ. ಕರದರ ಕೇಳೂದಿಲ್ಲ. ನಕ್ಕೋಂತ ಕುಂತಾಳ."

ನಿಂಬವ್ವ ಗಂಟು ಎತ್ತಿಕೊಂಡಳು. ಇವಳು ಕೇಳುವವಳಲ್ಲವೆಂದು ಫಕೀರಪ್ಪನಿಗೆ ಗೊತ್ತಾಯಿತು. "ಹಂಗಾದ್ರ ನೀರು ಜ್ವಾಕಿ. ಮೂರು ದಿನ ಹೋಗಾಕ, ಮೂರು ದಿನ ಬರಾಕ. ಇಬ್ಬರು ಬಂದ್ರ ಬರೇ ನಾಲಿಗಿ ತೋಯಿಸಿಕೊಂಡು ಬರಬೇಕಾಗತೈತಿ. ನಡುವ ಎಲ್ಲೂ ಹನಿ ನೀರಿಲ್ಲ."

ಒಂಬತ್ತನೆಯ ದಿನ ಸೂರ್ಯ ನೆತ್ತಿಗೆ ಬಂದ. ನಿಂಬವ್ವನ ನೆರಳು ಅವಳ ಕಾಲಡಿ ಸೇರಿತು, ಆಮೇಲೆ ಹೊರಗೆ ಬರಲೇ ಇಲ್ಲ. ನಡೆದಳು, ಇನ್ನೂ ನಡೆದಳು. ಸೂರ್ಯ ಇದ್ದಲ್ಲೇ ಇದ್ದ. ಗಾಳಿ ನಿಂತಿತು. ತುಪ್ಪದ ವಾಸನೆ ಬಂತು.

ಮರಳ ನಡುವೆ ಒಂದು ದೊಡ್ಡ ಚಪ್ಪರ. ಚಪ್ಪರಕ್ಕೂ ನೆರಳಿರಲಿಲ್ಲ. ಅದರಡಿ ಎದುರುಬದುರು ಎರಡು ಸಾಲು ಎಲೆ ಹಾಕಿತ್ತು. ಜನ ಊಟಕ್ಕೆ ಕೂತಿದ್ದರು. ಈಚೆ ತುದಿಯವರು ಮೊಣಕಾಲ ತನಕ ಮರಳಲ್ಲಿ ಹೂತಿದ್ದರು, ಅವರಾಚೆಯವರು ಸೊಂಟದ ತನಕ, ಅವರಾಚೆಯವರು ಎದೆಯ ತನಕ. ಕೊನೆಯ ತುದಿಯಲ್ಲಿ ಮರಳಿನಿಂದ ಬರೀ ತಲೆ ಮತ್ತು ಬಲಗೈ ಕಾಣುತ್ತಿತ್ತು. ಆ ಕೈಗಳೂ ಎಲೆಗೆ ಹೋಗುತ್ತಿದ್ದವು, ಬಾಯಿಗೆ ಬರುತ್ತಿದ್ದವು. ಎಲ್ಲರೂ ನಗುತ್ತಿದ್ದರು. "ಸಾಕು ಸಾಕು, ಆತು ಆತು, ಒಂದು ಅರ್ಧ ನೀಡ್ರಿ" ಎಂಬ ಗುಜುಗುಜು. ಅಗಿಯುವಾಗ ಕರಕರ ಸದ್ದು. ಎಲೆಯ ಮೇಲಿದ್ದದ್ದು ನೋಡಲಿಕ್ಕೆ ರೊಟ್ಟಿ, ಹೋಳಿಗೆ, ತುಪ್ಪ. ಹಲ್ಲಿಗೆ ಸಿಕ್ಕಿದ್ದು ಮರಳು.

ಭರಮಣ್ಣ ಸೊಂಟದ ತನಕ ಹೂತಿದ್ದ. ಕೊರಳಲ್ಲಿ ಓಲೆಯ ಚೀಲ ಹಾಗೇ ನೇತಾಡುತ್ತಿತ್ತು.

"ಬರ್ರಿ ತಾಯಿ, ಬರ್ರಿ. ಬಿಸಿಲಾಗ ನಿಂತೀರಲ್ಲ, ಕುಂದರ್ರಿ."

ಬಿಳಿಯ ಧೋತರ, ಬಿಳಿಯ ರುಮಾಲು, ಕೈಯಲ್ಲಿ ರೊಟ್ಟಿಯ ಬುಟ್ಟಿ. ದಣಿಯ ಮುಖ ಬಹಳ ಸಂಭಾವಿತ ಮುಖ. ಅವನು ಸಾಲಿನುದ್ದಕ್ಕೂ ಓಡಾಡಿ ಬಡಿಸುತ್ತಿದ್ದ, ಆದರೆ ಮರಳಲ್ಲಿ ಒಂದು ಹೆಜ್ಜೆಗುರುತೂ ಬೀಳುತ್ತಿರಲಿಲ್ಲ.

"ಕುಂದರೂದಿಲ್ಲ" ಎಂದಳು ನಿಂಬವ್ವ.

"ಒಂದು ರೊಟ್ಟಿ ತಿನ್ರಿ. ದೂರದಿಂದ ಬಂದೀರಿ. ನನ್ನಾಣಿ ಐತಿ." ಬಿಸಿ ರೊಟ್ಟಿ ಚಾಚಿದ. ಆರು ದಿನ ಒಣರೊಟ್ಟಿ ಕಡಿದವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಒಲ್ಲೆ. ನನ್ನ ಗಂಟಿನ್ಯಾಗ ಐತಿ."

"ಹೋಳಿಗಿ ತಗೋರಿ. ನೀವು ತಿನ್ನಲಿಲ್ಲಂದ್ರ ನಿಮ್ಮಣ್ಣ ಬ್ಯಾಸರ ಮಾಡಿಕೋತಾನ. ನೋಡ್ರಿ, ನಿಮ್ಮ ಹಾದಿ ಕಾಯಾಕತ್ಯಾನ." ಭರಮಣ್ಣ ತಲೆಯೆತ್ತಿ ನಕ್ಕ. ಅವನ ಕಣ್ಣು ಅವಳನ್ನು ನೋಡುತ್ತಿರಲಿಲ್ಲ, ಅವಳ ಹಿಂದೆ ಎಲ್ಲೋ ನೋಡುತ್ತಿದ್ದವು.

ನಿಂಬವ್ವ ಗಂಟನ್ನು ಎದೆಗೆ ಅವುಚಿಕೊಂಡಳು. "ಒಲ್ಲೆ ಅಂದ್ರ ಒಲ್ಲೆ" ಎಂದಳು.

ಆಗ ದಣಿ ಬಾಯಿ ತೆರೆದ. ಬಂದದ್ದು ಅವಳ ತಾಯಿಯ ದನಿ. ಅದೇ ಒಡಕು, ಅದೇ ಅಕ್ಕರೆ. "ಎಷ್ಟು ಸೊರಗೀಯ ಕೂಸ. ಬಾ, ಇನ್ನೊಂದು ತುತ್ತು ತಿನ್ನು. ನನ್ನ ಸಲುವಾಗಿ ಇನ್ನೊಂದು."

ನಿಂಬವ್ವನ ಕಣ್ಣಲ್ಲಿ ದಳದಳ ನೀರಿಳಿಯಿತು. ಆ ದನಿ ನಿಂತು ಹತ್ತು ದಿನವಾಗಿತ್ತು. ಒಂದು ಹೆಜ್ಜೆ ಮುಂದೆ ಹೋದಳು, ಆಮೇಲೆ ನಿಂತಳು.

"ನಮ್ಮವ್ವ ಎಂದೂ ಇನ್ನೊಂದು ಅಂದಾಕಿ ಅಲ್ಲ" ಎಂದಳು. "ಬುಟ್ಟಿಯೊಳಗ ಎಷ್ಟೈತಿ ಅಂತ ಆಕಿಗೆ ಗೊತ್ತಿತ್ತು. ತಾ ಉಣ್ಣದ ನಮಗ ಇಟ್ಟು, ಉಂಡೀನಿ ಅಂತ ಸುಳ್ಳು ಹೇಳತಿದ್ಳು. ನೀ ಯಾರು ಆಕಿ ಬಾಯಿಲೆ ಮಾತಾಡಾಕ?"

ದಣಿಯ ನಗು ಸಣ್ಣದಾಯಿತು. ಮೂರು ಸಲ ಒತ್ತಾಯ ಮಾಡಿದರೂ ತಿನ್ನದವರ ಮೇಲೆ ಅವನ ಮಾಯೆ ನಡೆಯುತ್ತಿರಲಿಲ್ಲ. ಅಲ್ಲಿಯ ತನಕ ಮೂರು ಸಲ ಒಲ್ಲೆ ಅಂದವರೇ ಇರಲಿಲ್ಲ ಅನ್ನುವುದು ಬೇರೆ ಮಾತು.

ನಿಂಬವ್ವ ಓಡಿಹೋಗಿ ಅಣ್ಣನ ತೋಳು ಹಿಡಿದು ಎಳೆದಳು. ಅವನು ಅಲುಗಲಿಲ್ಲ. "ಪಂಕ್ತಿ ಬಿಟ್ಟು ಹ್ಯಾಂಗ ಏಳೂದು" ಎಂದ, ನಿದ್ದೆಯಲ್ಲಿ ಮಾತಾಡುವವನಂತೆ. "ಬಾಜೂದವರದು ಇನ್ನೂ ಮುಗದಿಲ್ಲ. ಮಂದಿ ಏನಂತಾರ?" ಪಕ್ಕದವಳು ದುರುಗವ್ವ. ಅವಳೂ ಅದನ್ನೇ ಅಂದಳು. ಅವಳ ಪಕ್ಕದವನೂ ಅದನ್ನೇ ಅಂದ. ಹೀಗೆ ಒಬ್ಬರಿಗಾಗಿ ಒಬ್ಬರು ಕಾಯುತ್ತ ಅಷ್ಟೂ ಜನ ಮರ್ಯಾದೆಯಿಂದ ಹೂತುಹೋಗುತ್ತಿದ್ದರು.

ನಿಂಬವ್ವ ಸಾಲುಗಳನ್ನು ಮತ್ತೆ ನೋಡಿದಳು. ರೊಟ್ಟಿಯ ಬುಟ್ಟಿ ಇತ್ತು, ಪಲ್ಯದ ಪಾತ್ರೆ ಇತ್ತು, ತುಪ್ಪದ ಗಿಂಡಿ ಇತ್ತು. ನೀರಿನ ತಂಬಿಗೆ ಮಾತ್ರ ಎಲ್ಲೂ ಇರಲಿಲ್ಲ. ಎಲ್ಲರ ಬಲಗೈಯೂ ಎಂಜಲು ಒಣಗಿ ಬಿಳಿಚಿತ್ತು. ಇವರ ಕೈಗೆ ಯಾರೂ ನೀರು ಹಾಕಿಲ್ಲ. ಕೈ ತೊಳೆಯದೆ ಊಟ ಮುಗಿಯುವುದು ಹೇಗೆ?

ಅವಳು ತೊಗಲಚೀಲ ಇಳಿಸಿದಳು.

ದಣಿ ಮೊದಲ ಸಲ ಹೆದರಿದ. "ನೀರು ಚೆಲ್ಲಬ್ಯಾಡ್ರಿ ತಾಯಿ. ಮೂರು ದಿನದ ಹಾದಿ. ಕೈ ತೊಳದರ ಕುಡಿಯಾಕ ಉಳಿಯೂದಿಲ್ಲ. ಹಾದ್ಯಾಗ ನಾಲಿಗಿ ಹಿರದು ಸಾಯತೀರಿ." ಅವನು ಹೇಳಿದ್ದು ನಿಜ. ಅದೇ ಕಷ್ಟ. ಅಣ್ಣನೊಬ್ಬನ ಕೈಗೆ ಹಾಕಿದರೆ ಇಬ್ಬರಿಗೆ ಸಾಕಾಗುವಷ್ಟು ಉಳಿಯುತ್ತದೆಂದು ಎಣಿಸಿ ಭರಮಣ್ಣನ ಕೈಗೆ ಒಂದು ಧಾರೆ ಬಿಟ್ಟಳು.

ಅವನು ಕಣ್ಣು ಪಿಳಿಪಿಳಿ ಮಾಡಿದ. "ನಿಂಬೀ, ನೀ ಯಾವಾಗ ಬಂದಿ?"

"ಏಳಣ್ಣ."

ಅವನು ಎದ್ದುನಿಲ್ಲಲು ಹೋದ, ಆಗಲಿಲ್ಲ. ಪಕ್ಕದವರ ಕೈ ಇನ್ನೂ ಎಂಜಲು. ಅವನು ತಂಗಿಯ ಮುಖ ನೋಡಿದ. ಅವಳು ಚೀಲದ ಕಡೆ ನೋಡಿದಳು. ಫಕೀರಪ್ಪ ತಾನು ಕುಡಿಯುವ ಮೊದಲು ಅವಳ ಚೀಲ ತುಂಬಿದ್ದು ನೆನಪಾಯಿತು. ಅಲ್ಲಿಗೆ ಅವಳ ಲೆಕ್ಕಾಚಾರ ಮುಗಿಯಿತು. ಸಾಲು ಹಿಡಿದು ಹೊರಟಳು. ದುರುಗವ್ವನ ಕೈಗೆ, ಸಂಗಜ್ಜಿಯ ಮಗನ ಕೈಗೆ, ಹೆಸರು ಗೊತ್ತಿಲ್ಲದವರ ಕೈಗೆ. ಕೊನೆಯ ತುದಿಗೆ ಬಂದಾಗ ಧಾರೆ ಹೋಗಿ ಹನಿಯಾಯಿತು. ಎಲ್ಲರೂ ಎಚ್ಚರಾದರು. ಅಗಿಯುವ ಸದ್ದು ನಿಂತಿತು. ಆದರೆ ಯಾರೂ ಏಳಲಾರರು, ಸೂರ್ಯನೂ ಕದಲಲಿಲ್ಲ.

"ನಿಂಬೀ" ಎಂದ ಭರಮಣ್ಣ ಮೆಲ್ಲಗೆ, "ಮನಿ ದಣಿ ಉಂಡಿಲ್ಲಲ್ಲ. ಅವರು ಉಂಡು ಕೈ ತೊಳದರನ ಪಂಕ್ತಿ ಮುಗಿಯೂದು."

ಇಷ್ಟು ಜನರನ್ನು ಹೂತವನಿಗೆ ಉಪಚಾರ ಮಾಡಬೇಕೇ? ನಿಂಬವ್ವನಿಗೆ ಮೈಯೆಲ್ಲ ಉರಿಯಿತು. ಆದರೂ ಗಂಟು ಬಿಚ್ಚಿದಳು. ಅರ್ಧ ರೊಟ್ಟಿ ಉಳಿದಿತ್ತು.

"ಕುಂದರ್ರಿ" ಎಂದಳು ದಣಿಗೆ. "ನಾ ನೀಡತೀನಿ. ಉಣ್ರಿ."

ದಣಿಯ ಕೈಯಿಂದ ಬುಟ್ಟಿ ಬಿತ್ತು. "ಇಲ್ಲಿ ನನ್ನ ಊರಿತ್ತು" ಎಂದ. "ದಿನಾ ಊರಿಗೆಲ್ಲ ಉಣ್ಣಾಕ ನೀಡತಿದ್ದೆ. ಉಂಡವರು ಏಳತಿದ್ರು, ಹೊಗಳತಿದ್ರು, ಹೋಗತಿದ್ರು. ನೀ ಉಂಡಿಯೇನು ಅಂತ ಒಬ್ಬರೂ ಕೇಳಲಿಲ್ಲ. ಒಂದಿನ ಸಿಟ್ಟು ಬಂತು. ಇನ್ನ ಮ್ಯಾಲೆ ಯಾರೂ ಏಳಬಾರದು ಅಂತ ಮಾಯಾ ಕಲತೆ."

"ಅದಕ್ಕ ಇಷ್ಟು ಮಂದೀನ ಹೂಳತಾರೇನು? ಹಸಿವಾಗೇತಿ ಅಂತ ಬಾಯಿಬಿಟ್ಟು ಹೇಳಬೇಕಪ್ಪ" ಎಂದಳು ನಿಂಬವ್ವ.

ಅವನು ಸಾಲಿನ ತುದಿಯಲ್ಲಿ ಕೂತ. ಅರ್ಧ ರೊಟ್ಟಿಯನ್ನು ಚೂರು ಚೂರಾಗಿ ಮುರಿದು ತಿಂದ. "ಉಪ್ಪು ಕಮ್ಮಿ ಆಗೇತಿ" ಎಂದ. ಆಮೇಲೆ ಕೈ ಚಾಚಿದ.

ನಿಂಬವ್ವ ಚೀಲವನ್ನು ಹಿಂಡಿದಳು. ಮೂರು ಹನಿ ಬಿದ್ದವು. ದಣಿ ತೇವವಾದ ಅಂಗೈಯನ್ನು ನೋಡುತ್ತ ನೋಡುತ್ತ ಕರಗಿಹೋದ. ಅವನು ಕೂತಿದ್ದಲ್ಲಿ ಮಡಚಿಟ್ಟ ಬಿಳಿ ಧೋತರ, ರುಮಾಲು ಉಳಿದವು.

ಸೂರ್ಯ ಜಾರಿದ. ಎಲ್ಲರ ಪಕ್ಕದಲ್ಲೂ ನೆರಳು ಬಂದು ಬಿತ್ತು. ಮೈ ಮುಚ್ಚಿದ್ದ ಮರಳು ಸರಸರ ಇಳಿದು ಹೋಯಿತು. ಒಬ್ಬೊಬ್ಬರಾಗಿ ಎದ್ದರು, ಮೊಣಕಾಲು ಹಿಡಿದುಕೊಂಡು, ಒಬ್ಬರನ್ನೊಬ್ಬರು ಆತುಕೊಂಡು. ಎರಡು ಸಾಲುಗಳ ನಡುವೆ ಮರಳು ಕುಸಿಯಿತು. ಹಳೆಯ ಊರಿನ ಬಾವಿಯ ಕಟ್ಟೆ ಮೇಲೆದ್ದಿತು. ಒಳಗೆ ಕೈಗೆಟಕುವಷ್ಟು ಮೇಲೆ ನೀರಿತ್ತು. ಎಲ್ಲರೂ ಹೊಟ್ಟೆ ತುಂಬ ಕುಡಿದರು, ಚೀಲ ತುಂಬಿಕೊಂಡರು. ಮನೆಯಿದ್ದವರು ಮನೆಯ ದಾರಿ ಹಿಡಿದರು. ನೂರಾರು ವರ್ಷ ಕೂತು ಮನೆಮಠ ಇಲ್ಲವಾದವರು ಆ ಬಾವಿಯ ಬಳಿಯೇ ಮನೆ ಕಟ್ಟಿದರು. ದುರುಗವ್ವ ಗಂಡನ ಒಂಟೆಯನ್ನು ದೂರದಿಂದಲೇ ಗುರುತು ಹಿಡಿದಳು. ಸಂಗಜ್ಜಿಯ ಮಗ ಡೇರೆಗೆ ಬಂದು ಹಾಲು ಕುಡಿದ.

ಊರಿಗೆ ತಿರುಗುವ ದಾರಿಯ ಎರಡನೆಯ ದಿನ ನಡೆಯುತ್ತ ನಡೆಯುತ್ತ ಭರಮಣ್ಣ ಕೇಳಿದ. "ಅವ್ವ ಹ್ಯಾಂಗದಾಳ? ಒಂದು ಊಟಕ್ಕ ತಡಾ ಮಾಡಿದೆ ಅಂತ ಬೈಯಾಕತ್ತಿರಬೇಕು."

ಅವನ ಪಾಲಿಗೆ ಅದು ಒಂದೇ ಊಟ. ಮೂರು ವರ್ಷ ಅವನ ಲೆಕ್ಕದಲ್ಲಿರಲಿಲ್ಲ. ಮುಖಕ್ಕೆ ಹೊಡೆದಂತೆ ಮಾತಾಡುವ ನಿಂಬವ್ವ ಇದನ್ನು ಹಾಗೆ ಹೇಳಲಿಲ್ಲ. ದಾರಿಯಲ್ಲೇ ನಿಂತಳು. ಅಣ್ಣನ ಕೈ ಹಿಡಿದುಕೊಂಡು, ಮೂರು ವರ್ಷದ ಲೆಕ್ಕ ಹೇಳಿ, ಮಣ್ಣು ಮಾಡಿದ ಜಾಗ ಹೇಳಿ, ಕೊನೆಯ ದಿನ ಅವ್ವ ಏನೇನು ಅಂದಳೆಂದು ಒಂದೊಂದಾಗಿ ಹೇಳಿದಳು. ಭರಮಣ್ಣ ಮರಳಲ್ಲಿ ಕುಸಿದು ಕೂತ. ಅವಳೂ ಕೂತಳು. ಮಣ್ಣು ಮಾಡಿ ಬಂದ ದಿನ ಜೊತೆಗೆ ಅಳುವವರಿಲ್ಲವೆಂದು ಒಳಗೇ ಉಳಿದಿದ್ದ ಅಳು ಅವತ್ತು ಬಂತು, ಇಬ್ಬರೂ ಸಾಕಾಗುವಷ್ಟು ಅತ್ತರು, ಆಮೇಲೆ ಅವನೇ ಮೊದಲು ಎದ್ದು ಅವಳಿಗೆ ಕೈ ಕೊಟ್ಟ. ಅಣ್ಣ ತಂಗಿ ಊರು ಸೇರಿ ಸುಖವಾಗಿ ಬಾಳಿದರು, ಕತೆ ಕೇಳಿದ ನಿಮ್ಮ ಮನೆಯ ಒಲೆಯೂ ಎಂದೂ ತಣ್ಣಗಾಗದಿರಲಿ.