ಒಂಬತ್ತನೆಯ ರೋಲ್

ಫೆಬ್ರವರಿ 11, ಬೆಳಿಗ್ಗೆ 10.20. ಕಾರಡ್ಕದಲ್ಲಿ ಪ್ಲಾಸ್ಟಿಕ್ ಕವರ್ ಮುದ್ರಿಸುವ ಕಾರ್ಖಾನೆಯ ಮಾಲಕ ಈಶ್ವರಪ್ರಸಾದ, ಚಿಪ್ಸ್ ಕವರೊಂದನ್ನು ಠಾಣೆಯ ಮೇಜಿನ ಮೇಲಿಟ್ಟು ಸೆಲ್ಲೋಟೇಪ್ ಅಂಟಿಸಿ ಎಳೆದರು. ಅಕ್ಷರಗಳೆಲ್ಲ ಟೇಪಿಗೆ ಬಂದವು.

"ನಿನ್ನೆ ಮುದ್ರಿಸಿದ್ದೆಲ್ಲ ಹೀಗೇ. ಥಿನ್ನರ್ ಬದಲು ನೀರು ಬೆರೆಸುವ ಹೊಸ ಪಾಲಿಯುರೆಥೇನ್ ಶಾಯಿ. ಬೆರೆಸಿದ್ದು ಕೆಮಿಸ್ಟ್ ಸೌಮ್ಯಶ್ರೀ. ಅವಳಿಗೆ ಮಂಗಳೂರಿನಲ್ಲಿ ಬೇರೆ ಕೆಲಸ ಸಿಕ್ಕಿದೆ. ಹೋಗುವ ಮೊದಲು ಬೇಕೆಂದೇ ಕೆಡಿಸಿದ್ದಾಳೆ."

ಇನ್‌ಸ್ಪೆಕ್ಟರ್ ಉದಯಶಂಕರ ಎಫ್‌ಐಆರ್ ದಾಖಲಿಸಿದರು. 11.45ಕ್ಕೆ ಅವರ ಜೊತೆ ಬಂದ ಪೇದೆ ಗಂಗಾ ಕಾರ್ಖಾನೆಯಲ್ಲಿ ಮಹಜರು ಬರೆಯತೊಡಗಿದಳು.

ಸೌಮ್ಯಶ್ರೀ ಕಪಾಟಿನಿಂದ ಪ್ಲಾಸ್ಟಿಕ್ ಫಿಲ್ಮ್ ತುಂಡೊಂದನ್ನು ತೆಗೆದಳು. "ನಿನ್ನೆಯ ಶಾಯಿಯೇ ಸಾರ್. ಕೈಯಲ್ಲಿ ಬಳಿದದ್ದು. ಟೇಪ್ ಎಳೆದು ನೋಡಿ."

ಬಣ್ಣ ಅಲುಗಲಿಲ್ಲ.

"ಮಾಡಿದ್ದು ನೀವೇ, ತೋರಿಸುವುದೂ ನೀವೇ. ನಂಬುವುದು ಹೇಗೆ?" ಉದಯಶಂಕರ ಕೇಳಿದರು.

"ಹಾಗಾದರೆ ಯಂತ್ರ ನೋಡಿ. ಫಿಲ್ಮಿನ ಮೈಗೆ ಕರೆಂಟಿನ ಕಿಡಿ ತಾಗದಿದ್ದರೆ ಯಾವ ನೀರಿನ ಶಾಯಿಯೂ ಹಿಡಿಯುವುದಿಲ್ಲ. ಈ ತುಂಡು ಮೊದಲೇ ಕಿಡಿ ತಾಗಿದ್ದು."

ಕಿಡಿ ಕೊಡುವ ಪೆಟ್ಟಿಗೆಯ ಕೀಲಿ ಆಪರೇಟರ್ ಯೋಗೀಶನ ಬಳಿ ಇತ್ತು. ತೆರೆದಾಗ ಒಂದು ವಯರ್ ಕಳಚಿತ್ತು.

"ಇಲಿಯ ಉಪದ್ರ ಉಂಟು ಸಾರ್ ಇಲ್ಲಿ," ಎಂದ ಯೋಗೀಶ.

"ಸ್ಕ್ರೂ ಬಿಚ್ಚುವ ಇಲಿಯಾ ಮಾರಾಯ?"

ಪ್ರತಿ ರೋಲ್ ಮುಗಿದಾಗ ಮುದ್ರಣದ ಮೇಲೆ ಟೇಪ್ ಎಳೆದು, ಆ ಟೇಪನ್ನೇ ಪುಸ್ತಕಕ್ಕೆ ಅಂಟಿಸಿ ಸಮಯ ಬರೆಯುವುದು ಅಲ್ಲಿನ ಪದ್ಧತಿ. ನಿನ್ನೆಯ ಪುಟದಲ್ಲಿ ಒಂಬತ್ತು ಟೇಪ್‌ಗಳಿದ್ದವು. ಒಂದರಲ್ಲೂ ಬಣ್ಣದ ಚುಕ್ಕೆಯಿಲ್ಲ. ಕೊನೆಯದರ ಸಮಯ 4.30. ಎಲ್ಲದರ ಕೆಳಗೂ ಯೋಗೀಶನ ಸಹಿ.

ಗಂಗಾ ಗೋದಾಮಿನಲ್ಲಿ ಎಣಿಸಿ ಬಂದಳು. "ಎಂಟೇ ರೋಲ್ ಸಾರ್. 3.50ಕ್ಕೆ ಕರೆಂಟ್ ಹೋಗಿದೆ. ಮತ್ತೆ ಯಂತ್ರ ಓಡಿಲ್ಲ."

"ಒಂಬತ್ತನೆಯದು ಎಲ್ಲಿ ಯೋಗೀಶ್?"

ಯೋಗೀಶ ಪುಸ್ತಕ ಮುಚ್ಚಹೋದ.

"ಟೇಪ್ ಎಲ್ಲ ಯಾವಾಗ ಅಂಟಿಸಿದ್ದು?"

"ನಿನ್ನೆ ಬೆಳಿಗ್ಗೆಯೇ, ಯಂತ್ರ ಓಡುವ ಮೊದಲು."

"ಎಳೆದರೆ ಎಂತ ಬರ್ತದೆ ಅಂತ ಗೊತ್ತಿತ್ತು. ಅಲ್ಲವಾ?"

ಅವನು ಹೌದೆಂದು ತಲೆಯಾಡಿಸಿದ. ಸಂಜೆ 5.10ಕ್ಕೆ ಬಂಧನ.

ಹೇಳಿಕೆ ಚಿಕ್ಕದಿತ್ತು. ಹತ್ತೊಂಬತ್ತು ವರ್ಷ ಥಿನ್ನರ್ ಶಾಯಿಯ ಬಣ್ಣ ಕೂಡಿಸಿದ್ದು ಅವನೇ. ನೀರಿನ ಶಾಯಿ ಬಂದ ಮೇಲೆ ಆ ಕೆಲಸ ಸೌಮ್ಯಶ್ರೀಗೆ ಹೋಯಿತು. ಮುಂದಿನ ತಿಂಗಳಿಂದ ಯಂತ್ರವನ್ನೂ ಬಿಟ್ಟು ಪ್ಯಾಕಿಂಗಿಗೆ ಕೂರಬೇಕೆಂದು ಮಾಲಕರು ಹೇಳಿದ್ದರು. ಹೊಸ ಶಾಯಿ ನಿಲ್ಲದಿದ್ದರೆ ಹಳೆಯದು ಮರಳುತ್ತದೆಂದು ಅವನ ಲೆಕ್ಕ.

"ಆ ಹುಡುಗಿ ಜೈಲಿಗೆ ಹೋಗಿದ್ದರೆ?" ಗಂಗಾ ಕೇಳಿದಳು.

"ಅವಳಿಗೆ ಓದು ಉಂಟು ಮೇಡಂ, ಹೇಗಾದರೂ ಬದುಕ್ತಾಳೆ. ನನಗೆ ಬಣ್ಣ ಬಿಟ್ಟು ಬೇರೆ ಎಂತ ಗೊತ್ತುಂಟು?"

ಗಂಗಾ ಅದನ್ನು ಹಾಗೆಯೇ ಬರೆದು ಸಹಿ ಹಾಕಿಸಿಕೊಂಡಳು.