ಸಿಟ್ಟು ಎಂದು ಗುರುತು ಹಾಕಿದವನು

"ಅದು ನನ್ನ ಜಾಗ."

ಲ್ಯಾಬಿನ ಕಿಟಕಿ ಪಕ್ಕ ಕೂತಿದ್ದವನು ತಲೆ ಎತ್ತಿದ. ಎದುರಿಗೆ ನಿಂತವಳ ಕಣ್ಣಲ್ಲಿ ಕಿಡಿ. ಅವನು ಪಕ್ಕದ ಕುರ್ಚಿಗೆ ಸರಿದು ಮತ್ತೆ ಕಂಪ್ಯೂಟರಿನತ್ತ ತಿರುಗಿದ.

ಜಗಳಕ್ಕೆ ತಯಾರಾಗಿ ಬಂದಿದ್ದವಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ.

"ನಿನ್ನ ಹೆಸರು ಬರೆದಿದೆಯಾ ಅಂತ ಕೇಳಲ್ವಾ?"

"ಕೇಳಿದ್ರೆ ಅದಕ್ಕೂ ಉತ್ತರ ಇಟ್ಕೊಂಡೇ ಬಂದಿರ್ತೀಯ. ಸುಮ್ನೆ ಯಾಕೆ?"

ಹೀಗೆ ಶುರುವಾಯಿತು.

ಮನಶ್ಶಾಸ್ತ್ರ ಮತ್ತು ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಕಲಿಸುವ ತರಗತಿ ಅದು. ಅಲ್ಲಿ ಓದುವವರಿಗೆ ವಿಶ್ವವಿದ್ಯಾಲಯದ ಯಾವ ಮೂಲೆಯಲ್ಲೂ ಮರ್ಯಾದೆ ಇರಲಿಲ್ಲ. ಮನಶ್ಶಾಸ್ತ್ರದವರು ಇವರನ್ನು 'ಮೆಷಿನ್ ಮಂದಿ' ಎನ್ನುತ್ತಿದ್ದರು, ಕಂಪ್ಯೂಟರಿನವರು 'ಕಣ್ಣೀರು ವಿಭಾಗ' ಎನ್ನುತ್ತಿದ್ದರು. ಅವಳಿಗೆ ತರಗತಿ ಇಟ್ಟ ಹೆಸರು ಜಗಳಗಂಟಿ. ಬಾಯಿ ಬಿಡದೆ ಎಲ್ಲವನ್ನೂ ಗಮನಿಸುವ ಅವನಿಗೆ ಗುಮ್ಮ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೇಡಂ ಇವರಿಬ್ಬರನ್ನೇ ಜೋಡಿ ಮಾಡಿದಾಗ ಉಳಿದವರಿಗೆ ನಗಲು ಬೇಕಾದಷ್ಟು ಸರಕು ಸಿಕ್ಕಿತು.

ಕೆಲಸಗಾರರ ಮಾತಿನ ರೆಕಾರ್ಡಿಂಗ್ ಕೇಳಿ, ಒಂದೊಂದು ತುಣುಕಿಗೂ ಅದರಲ್ಲಿರುವ ಭಾವ ಯಾವುದೆಂದು ಗುರುತು ಹಾಕುವುದು ಆ ಪ್ರಾಜೆಕ್ಟ್. ಸಿಟ್ಟು, ದಣಿವು, ದುಃಖ, ಸಮಾಧಾನ. ಆ ಗುರುತುಗಳಿಂದ ಕಂಪ್ಯೂಟರ್ ಕಲಿಯುತ್ತದೆ. ಮುಂದೆ ಯಾರು ಬಾಯಿ ತೆರೆದರೂ ಅವರ ಮನಸ್ಸಿನಲ್ಲಿ ಏನಿದೆಯೆಂದು ಅದೇ ಹೇಳುತ್ತದೆ.

ಹಣ ಹಾಕಿದ್ದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಕಂಪನಿ. 'ನಮ್ಮ ಕೆಲಸಗಾರರ ನೆಮ್ಮದಿಗಾಗಿ' ಎಂದು ಅದು ಹೇಳಿಕೊಂಡಿತ್ತು. ನೀರು ಕುಡಿಯಲು ಬಿಡುವು ಕೊಡದವರಿಗೆ ನೆಮ್ಮದಿ ಅಳೆಯುವ ಯಂತ್ರ ಬೇಕಾಗಿತ್ತು.

ಗುರುತು ಹಾಕುವ ಇಬ್ಬರೂ ಕೆಲಸ ಮುಗಿಯುವವರೆಗೆ ಅದರ ಬಗ್ಗೆ ಒಂದು ಮಾತೂ ಆಡಕೂಡದು ಎಂಬುದು ನಿಯಮ. ಒಬ್ಬರ ಅಭಿಪ್ರಾಯ ಇನ್ನೊಬ್ಬರಿಗೆ ಅಂಟಬಾರದಲ್ಲ. ಗುರುತು ಹಾಕುವವರಿಗೆ ಪರಿಚಯದ ದನಿ ಕೇಳಿಸಿದರೆ ಆ ತುಣುಕನ್ನು ಬೇರೆಯವರಿಗೆ ಬಿಟ್ಟುಕೊಡಬೇಕು ಎಂಬುದು ಇನ್ನೊಂದು.

ಮೊದಲನೆಯದನ್ನು ಗುಮ್ಮ ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಲ್ಯಾಬಿನಲ್ಲಿ ಅವಳತ್ತ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಸಂಜೆ ಬಸ್ ನಿಲ್ದಾಣದವರೆಗೆ ಜೊತೆಗೇ ನಡೆಯುತ್ತಿದ್ದ. ಅವಳು ಲೋಕವನ್ನೆಲ್ಲ ಬೈಯುತ್ತಿದ್ದಳು, ಅವನು ಕೇಳುತ್ತಿದ್ದ. ಅವಳ ಬಸ್ ಬರುವವರೆಗೆ ತನ್ನ ಬಸ್ಸುಗಳನ್ನು ಬಿಟ್ಟು ನಿಲ್ಲುತ್ತಿದ್ದ. ಮರೆವು ಇರಬೇಕು ಎಂದುಕೊಂಡಿದ್ದಳು. ದಿನಾ ತಪ್ಪದೆ ಬರುವ ಮರೆವು ಎಲ್ಲಿಯಾದರೂ ಉಂಟೇ...

'ಬಾಯಿ ಬಿಟ್ಟು ಹೇಳಲಿ. ನಾನಾಗಿ ಕೇಳಲ್ಲ.'

ಎರಡನೆಯ ನಿಯಮವನ್ನು ಮುರಿದವಳು ಅವಳೇ.

ಒಂದು ಮಧ್ಯಾಹ್ನ ಹೆಡ್‌ಫೋನಿನಲ್ಲಿ ಅವಳ ಅಮ್ಮ ಮಾತಾಡಿದಳು.

"ಇಸ್ತ್ರಿ ಮೆಷಿನ್ನಿಗೆ ಕೈ ಸುಟ್ಟಿತು. ಮುಲಾಮು ಕೇಳಿದ್ರೆ, ನೋಡ್ಕೊಂಡು ಕೆಲಸ ಮಾಡ್ಬೇಕಿತ್ತು ಅಂದ್ರು. ಸರಿ ಸ್ವಾಮಿ ಅಂದೆ. ಇನ್ನೇನು ಅನ್ಲಿ."

ಅಮ್ಮ ಆ ಕಂಪನಿಯ ಇಸ್ತ್ರಿ ವಿಭಾಗದಲ್ಲಿದ್ದಳು. ರೆಕಾರ್ಡ್ ಮಾಡಲು ವಿಶ್ವವಿದ್ಯಾಲಯದ ಸಹಾಯಕರು ಹೋದಾಗ, "ನನ್ನ ಮಗಳು ಓದೋ ಕಡೆಯೋರು, ನಂಬಿ ಮಾತಾಡಿ" ಎಂದು ಉಳಿದ ಹೆಂಗಸರಿಗೂ ಧೈರ್ಯ ಹೇಳಿದ್ದಳಂತೆ. ಗುರುತು ಹಾಕಿದ ರೆಕಾರ್ಡಿಂಗುಗಳು ಕೊನೆಗೆ ಕಂಪನಿಯ ಕೈಗೇ ಹೋಗುತ್ತವೆ. ಹೆಸರು ಅಳಿಸಿದ್ದರು, ನಿಜ. ಆದರೆ ದಿನವೂ ಕೇಳುವ ದನಿಯನ್ನು ಗುರುತಿಸಲು ಮೇಲ್ವಿಚಾರಕನಿಗೆ ಹೆಸರು ಯಾಕೆ ಬೇಕು? ಸಿಟ್ಟು ಎಂದು ಗುರುತಾದವರೇ ಮೊದಲು ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾರೆ.

ಅವಳು ಯಾರಿಗೂ ಹೇಳಲಿಲ್ಲ. ಅಮ್ಮನ ತುಣುಕುಗಳಿಗೂ ಅವಳ ಜೊತೆಯವರ ತುಣುಕುಗಳಿಗೂ 'ದಣಿವು' ಎಂದು ಒತ್ತುತ್ತಾ ಹೋದಳು. ದಣಿದವರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ದಣಿಸುವುದೇ ಅಲ್ಲಿಯ ಕೆಲಸ.

ಎಲ್ಲ ಮುಗಿದ ಮೇಲೆ ಮೇಡಂ ಇಬ್ಬರನ್ನೂ ಕರೆದರು.

"ಏನ್ರಪ್ಪ ಇದು? ಕಣ್ಣು ಮುಚ್ಚಿ ಒತ್ತಿದ್ರೂ ಇದಕ್ಕಿಂತ ಜಾಸ್ತಿ ಹೊಂದಾಣಿಕೆ ಬರ್ತಿತ್ತು. ಕೂತು ಸರಿ ಮಾಡ್ಕೊಳ್ಳಿ. ಕಂಪನಿಯೋರು ವಾರದೊಳಗೆ ಕೊಡಿ ಅಂತಿದ್ದಾರೆ."

ಪರದೆಯ ಮೇಲೆ ಇಬ್ಬರ ಗುರುತುಗಳೂ ಅಕ್ಕಪಕ್ಕ ನಿಂತವು. ಅಮ್ಮನ ತುಣುಕುಗಳ ಮುಂದೆ ಅವಳದು ದಣಿವು, ದಣಿವು, ದಣಿವು. ಅವನದು ಉದ್ದಕ್ಕೂ ಸಿಟ್ಟು.

ಅವಳ ಮೈಯೆಲ್ಲ ಉರಿಯಿತು.

"ಕಂಪನಿಯೋರು ಕೆಲಸ ಕೊಡ್ತೀವಿ ಅಂದಿದ್ದಾರಾ ನಿಂಗೆ?"

"ಕೇಳಿದ್ರು."

"ಅದಕ್ಕೇ ಇದಾ? ಯಾರ್ಯಾರ ತಲೆ ಹಾರಿಸ್ಬೇಕು ಅಂತ ಪಟ್ಟಿ ಮಾಡಿ ಕೊಟ್ಟಿದ್ದೀಯ. ಬಲು ನಿಯತ್ತಿನವನು ನೀನು."

"ಆಗಲ್ಲ ಅಂದೆ, ಆಗಲೇ." ಅವನು ದನಿ ಏರಿಸಲಿಲ್ಲ. "ಈ ಹೆಂಗಸಿಗೆ ನೀನು ದಣಿವು ಅಂತ ಯಾಕೆ ಹಾಕಿದೆ? ಇನ್ನೊಂದ್ಸಲ ಕೇಳು."

"ಕೇಳೋದೇನು ಬೇಡ."

"ಮೆಲ್ಲಗೆ ಮಾತಾಡ್ತಾರೆ, ನಿಜ. ಆದ್ರೆ ಒಂದೊಂದು ಮಾತನ್ನೂ ಹಲ್ಲು ಕಚ್ಚಿ ಬಿಡ್ತಾರೆ. ನಮ್ಮಕ್ಕ ಗಂಡನ ಮನೆ ಬಿಟ್ಟು ಬಂದಾಗ ಹೀಗೇ ಮಾತಾಡ್ತಿದ್ಲು. ಮನೇಲಿ ಎಲ್ಲರೂ, ಪಾಪ, ಸುಸ್ತಾಗಿದ್ದಾಳೆ, ಮಲಗ್ಲಿ ಅಂದ್ರು. ಏನಾಯ್ತು ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಈ ಹೆಂಗಸಿಗೂ ಹಾಗೆ ಆಗೋದು ಬೇಡ ಅನ್ನಿಸ್ತು."

ಇಷ್ಟು ದಿನದಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು.

"ಅದು... ನಮ್ಮಮ್ಮ."

ಅವನು ಹೆಡ್‌ಫೋನನ್ನು ಮೇಜಿನ ಮೇಲೆ ಇಟ್ಟ.

"ಗೊತ್ತಿದ್ದೂ ಗುರುತು ಹಾಕಿದ್ಯಾ?"

"ಹೂಂ."

"ಸುಳ್ಳು?"

"ಹೂಂ ಅಂದ್ನಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಪರದೆಯತ್ತ ಬೆರಳು ತೋರಿಸಿ, "ಆ ಹೆಂಗಸರು ರೆಕಾರ್ಡಿಂಗಿಗೆ ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು ಗೊತ್ತಲ್ಲ? ರೆಕಾರ್ಡ್ ಮಾಡೋ ಮುಂಚೆ ನಾವೇ ಬರೆದುಕೊಟ್ಟಿದ್ದೀವಿ. ಯಾವಾಗ ಬೇಕಾದ್ರೂ, ಕಾರಣ ಹೇಳದೆ. ಹೋಗಿ ಅವರನ್ನೇ ಕೇಳೋಣ ಬಾ," ಎಂದ.

ಕಂಪನಿಯ ಹಿಂದಿನ ಗೇಟಿನಲ್ಲಿ ಪಾಳಿ ಬಿಡುವ ಹೊತ್ತಿಗೆ ಇಬ್ಬರೂ ನಿಂತರು. ಹಬೆಯಲ್ಲಿ ಬೆಂದ ಮುಖಗಳು ಹೊರಗೆ ಬಂದವು. ಮಗಳು ನಡೆದಿದ್ದೆಲ್ಲ ಹೇಳಿದಳು. ಅಮ್ಮ ಕೊನೆಯವರೆಗೂ ಕೇಳಿದಳು.

"ದಣಿವಂತೆ. ಮನೇಲಿ ನಂಗೆ ದಣಿವು ಅಂದ್ರೂ ಒಂದು ಪಾತ್ರೆ ತೊಳೆಯೋಳಲ್ಲ, ಅಲ್ಲಿ ಹೋಗಿ ನಂಗೆ ದಣಿವು ಹಚ್ಚಿದ್ದಾಳೆ."

ಹೆಂಗಸರು ನಕ್ಕರು.

"ಅಮ್ಮಾ, ನಿನ್ನ ಕೆಲಸ ಹೋಗುತ್ತೆ ಅಂತ..."

"ಗೊತ್ತಾಯ್ತು ಬಿಡೇ. ನಂದು ಸಿಟ್ಟೇ. ಸಿಟ್ಟು ಅಂತಲೇ ಇರ್ಲಿ. ದನಿ ಮಾತ್ರ ಅವರ ಕೈಗೆ ಕೊಡ್ಬೇಡಿ." ಅಮ್ಮ ಅವನತ್ತ ತಿರುಗಿದಳು. "ಸಿಟ್ಟು ಅಂತ ಹಾಕಿದ್ದು ನೀನೇನಪ್ಪ?"

"ಹೌದಮ್ಮ."

"ಕಿವಿ ಚೆನ್ನಾಗಿದೆ."

ಗೇಟಿನ ಆಚೆಯೇ ಹೆಂಗಸರು ಒಬ್ಬೊಬ್ಬರಾಗಿ ಒಪ್ಪಿಗೆ ಹಿಂತೆಗೆದುಕೊಂಡರು. ರೆಕಾರ್ಡಿಂಗುಗಳು ಅಳಿದವು. ತನ್ನ ಸುಳ್ಳನ್ನು ಅವಳು ಮೇಡಂ ಎದುರು ತಾನೇ ಒಪ್ಪಿಕೊಂಡಳು. ಕಂಪನಿ ಹಣ ನಿಲ್ಲಿಸಿತು. ವಿಶ್ವವಿದ್ಯಾಲಯದ ಹಿರಿಯರಿಗೆ ಸುಟ್ಟ ಕೈಗಿಂತ ನಿಂತ ಹಣದ್ದೇ ದೊಡ್ಡ ಚಿಂತೆಯಾಯಿತು. ಪ್ರಾಜೆಕ್ಟ್ ರದ್ದಾಗಿ, ಇಬ್ಬರೂ ಇನ್ನೊಂದು ವರ್ಷ ಓದಬೇಕೆಂದು ತೀರ್ಮಾನವಾಯಿತು.

"ಮುಂದಿನ ವರ್ಷಕ್ಕೆ ನೀನು ಬೇರೆ ಜೋಡಿ ತಗೋಬಹುದು," ಎಂದು ಮೇಡಂ ಅವನಿಗೆ ಹೇಳಿದ್ದರು. "ತಪ್ಪು ನಿಂದಲ್ಲ."

"ಬೇಡ ಮೇಡಂ," ಎಂದಿದ್ದ. ಅಷ್ಟೇ.

ಅದು ಅವಳಿಗೆ ಗೊತ್ತಾದದ್ದು ಲ್ಯಾಬಿನ ಮೆಟ್ಟಿಲ ಮೇಲೆ, ಬೇರೆಯವರ ಬಾಯಿಂದ. ಅವನನ್ನು ಹುಡುಕಿಕೊಂಡು ಗ್ರಂಥಾಲಯದ ಹಿಂದಿನ ಕಟ್ಟೆಗೆ ಬಂದಳು.

"ಒಂದು ವರ್ಷ ಹಾಳಾಯ್ತು ನಿಂದು. ನನ್ನಿಂದ."

"ಹೂಂ."

"ಹಾಗೇನಿಲ್ಲ ಅನ್ನಬಾರ್ದಾ?"

"ಹಾಳಾಗಿದ್ದು ನಿಜ. ಸುಳ್ಳು ಯಾಕೆ ಹೇಳ್ಲಿ?" ಅವನು ಪಕ್ಕದಲ್ಲಿದ್ದ ಪುಸ್ತಕಗಳನ್ನು ಎತ್ತಿ ಜಾಗ ಮಾಡಿದ. ಅವಳು ಕೂತಳು. "ಆದ್ರೆ ನೀನು ಬೇರೆ ಯಾರದೋ ಪಕ್ಕ ಕೂತ್ಕೊಂಡು ಕೆಲಸ ಮಾಡ್ತಿದ್ರೆ, ಮುಂದಿನ ವರ್ಷ ಪಾಸಾದ್ರೂ ನಂಗೆ ಅದು ಹಾಳಾದ ಹಾಗೇ. ನಂಗೆ ನೀನು ಬೇಕು. ಮುಂಚೇನೇ ಹೇಳ್ಬೇಕಿತ್ತು. ಮಾತಾಡ್ಬಾರ್ದು ಅಂತ ಇತ್ತಲ್ಲ..."

"ರೆಕಾರ್ಡಿಂಗ್ ಬಗ್ಗೆ ಮಾತಾಡ್ಬಾರ್ದು ಅಂತ ಇದ್ದಿದ್ದು ಕಣೋ. ಪ್ರೀತಿ ಬಗ್ಗೆ ಯಾರು ಬೇಡ ಅಂದ್ರು?"

ಅವನು ಮೊದಲ ಸಲ ಬಾಯಿ ತುಂಬ ನಕ್ಕ. ಅವಳಿಗೆ ಕಣ್ಣು ತುಂಬಿ ಬಂತು. ಒರೆಸಿಕೊಳ್ಳದೆ ಹಾಗೇ ಬಿಟ್ಟಳು.

"ನಂಗೂ ನೀನು ಬೇಕು," ಎಂದಳು. "ಆದ್ರೆ ನಾನು ಬದಲಾಗಲ್ಲ. ನಾಳೆ ಮತ್ತೆ ಜಗಳ ಆಡ್ತೀನಿ."

"ಆಡು. ನನ್ನ ಎದುರಿಗೇ ಆಡು. ಒಳಗೊಳಗೇ ಹೆದರ್ಕೊಂಡು ಒಬ್ಬಳೇ ಏನಾದ್ರೂ ಮಾಡ್ಕೋಬೇಡ."

ಅವಳು ತಲೆಯಾಡಿಸಿ ಅವನ ಬೆರಳುಗಳನ್ನು ಹಿಡಿದುಕೊಂಡಳು.

"ಈಗ ಹೆದರಿಕೆ ಆಗ್ತಿದೆ," ಎಂದಳು ಮೆಲ್ಲಗೆ.

"ನಂಗೂ," ಎಂದ ಅವನು. ಕೈ ಬಿಡಲಿಲ್ಲ.