ಕಾಡಜ್ಜಿಯ ಆಟದಲ್ಲಿ ಬೇರೆ ದನಿ

ಜೂನ್ ನಾಲ್ಕು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಮಾಲ್ಟಾದ ಸ್ಲೀಮಾ ಠಾಣೆಗೆ ದೂರು ಬಂತು. ದೂರುದಾರ ಕಾಲಿನ್ ದಿಮೆಕ್, ವಯಸ್ಸು ಮೂವತ್ತೆಂಟು, ಆನ್‌ಲೈನ್ ಜೂಜಿನ ಆಟಗಳ ಕಂಪನಿಯೊಂದರ ಮುಖ್ಯಸ್ಥ. ಬೂಟಿನ ಲೇಸು ಕಟ್ಟುವುದನ್ನೂ ಮರೆತು ಓಡಿ ಬಂದಿದ್ದ.

"ಮೇಡಂ, ನಮ್ಮ ಅಜ್ಜಿ ಕೆಟ್ಟೋಗಿದ್ದಾಳೆ."

"ಆಸ್ಪತ್ರೆಗೆ ಕರ್ಕೊಂಡು ಹೋಗಿ," ಎಂದರು ಇನ್ಸ್‌ಪೆಕ್ಟರ್ ಮಾರ್ತೀಸ್ ಬುಹಾಜಾರ್.

"ಆಟದ ಅಜ್ಜಿ, ಮೇಡಂ."

ಆಟದ ಹೆಸರು 'ಕಾಡಜ್ಜಿಯ ಮನೆ'. ಪರದೆಯ ಮೇಲೆ ಐದು ಚಕ್ರ. ಅವುಗಳ ಮೇಲೆ ಕಿರೀಟ ತೊಟ್ಟ ಕಪ್ಪೆ, ಮಾತಾಡುವ ತೋಳ, ಗೋಪುರದ ರಾಜಕುಮಾರಿ. ದುಡ್ಡು ಕಟ್ಟಿ ಗುಂಡಿ ಒತ್ತಬೇಕು. ಒಂದೇ ಚಿತ್ರ ಸಾಲಾಗಿ ನಿಂತರೆ ದುಡ್ಡು ಬರುತ್ತದೆ, ಇಲ್ಲದಿದ್ದರೆ ಹೋಯಿತು. ಹೋದಾಗಲೆಲ್ಲ ಮೂಲೆಯಲ್ಲಿ ಕೂತ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕು, "ಇನ್ನೊಂದೇ ಸಲ, ಕಂದಾ" ಎಂದು ಇಂಗ್ಲಿಷಿನಲ್ಲಿ ಕರೆಯುತ್ತಾಳೆ. ಸೋಮವಾರ ಸಂಜೆ ಏಳರಿಂದ ಅವಳು ಬೇರೆ ರಾಗ ತೆಗೆದಿದ್ದಳು. ದಿಮೆಕ್ ಅದನ್ನು ಕೇಳಿಸಿದ. ಅಪ್ಪಟ ಮಾಲ್ಟೀಸ್, ವಯಸ್ಸಾದ ಹೆಂಗಸಿನ ದನಿ.

"ಸಾಕು ಮಗಳೇ, ಸಾಕು ಮಾಡು. ಅದನ್ನ ಆರಿಸಿ ಎದ್ದು ಬಾ. ಸೂಪು ತಣ್ಣಗಾಗ್ತಿದೆ."

ದನಿ ಮುಗಿಯುವ ತನಕ ಗುಂಡಿ ಎಷ್ಟು ಒತ್ತಿದರೂ ಚಕ್ರ ತಿರುಗುತ್ತಿರಲಿಲ್ಲ. ಸ್ವೀಡನ್, ಫಿನ್ಲೆಂಡಿನವರೆಗೆ ಆಡುತ್ತಿದ್ದವರು, ಯಾರೋ ಮುದುಕಿ ಬೈಯುತ್ತಿದ್ದಾಳೆಂದು ಹೆದರಿ ಫೋನು ಮುಚ್ಚಿದ್ದರು. ನನ್ನನ್ನು ಕೇಳಿದರೆ ಇದಕ್ಕಿಂತ ಸೊಗಸಾದ ಅಪರಾಧ ನಮ್ಮ ದ್ವೀಪದಲ್ಲಿ ನಡೆದಿಲ್ಲ.

"ಯಾರು ಮಾಡಿರಬಹುದು?"

"ಒಳಗಿನವರೇ. ಪಾಸ್‌ವರ್ಡ್ ಒಂದೇ, ನಲವತ್ತು ಜನಕ್ಕೂ ಗೊತ್ತು. ಎಲ್ಲರೂ ನಾನಲ್ಲ ಅಂತಿದ್ದಾರೆ. ಬೆಳಿಗ್ಗೆ ಆಟ ನಿಲ್ಲಿಸಿದ್ದೀವಿ. ಇವತ್ತು ಆರು ಗಂಟೆಯೊಳಗೆ ಮಾಡಿದವರನ್ನ ತೋರಿಸದಿದ್ರೆ ಲೈಸೆನ್ಸ್ ಕೊಡೋರು ಆಟವನ್ನ ಕಾಯಂ ಮುಚ್ಚಿಸ್ತಾರೆ."

ಪ್ರಥಮ ವರ್ತಮಾನ ವರದಿ ದಾಖಲಾಯಿತು. ಅಷ್ಟರಲ್ಲಿ ಕಾನ್‌ಸ್ಟೆಬಲ್ ಸಾಲ್ವು ಎಲ್ಲುಲ್ ಕೈಯಲ್ಲಿದ್ದ ಚೀಸು ತುಂಬಿದ ಪಸ್ತಿತ್ಸಿ ಪಫ್ಸ್ ಕಚ್ಚುವುದನ್ನು ಬಿಟ್ಟು ಎದ್ದು ನಿಂತಿದ್ದ.

"ಇನ್ನೊಂದ್ಸಲ ಹಾಕಿ ಸಾರ್."

ಮೂರು ಸಲ ಕೇಳಿದ. ಅವನ ಕಿವಿ ಕೆಂಪಾಯಿತು.

"ಮೇಡಂ, ಹಿಂದೆ ಬ್ಯಾಂಡ್ ಕೇಳ್ತಿದೆ. ಅದು ನಮ್ಮೂರು ಝೈತೂನಿನ ನೀಲಿ ಬ್ಯಾಂಡ್ ಕ್ಲಬ್ಬಿನವರ ಹೊಸ ಮೆರವಣಿಗೆ ರಾಗ. ಊರ ಹಬ್ಬಕ್ಕೆ ಅಂತ ಕದ್ದುಮುಚ್ಚಿ ಅಭ್ಯಾಸ ಮಾಡ್ತಿದ್ದಾರೆ. ಊರಲ್ಲಿ ಇನ್ನೂ ಯಾರೂ ಕೇಳಿಲ್ಲ."

"ನೀನು ಹೇಗೆ ಕೇಳಿದೆ?"

ಸಾಲ್ವು ಅದೇ ಊರಿನ ಎದುರಾಳಿ ಕೆಂಪು ಕ್ಲಬ್ಬಿನಲ್ಲಿ ಟ್ರಂಬೋನ್ ಊದುವವನು. ನೀಲಿಯವರ ಹೆಸರೆತ್ತಿದರೆ ಅವನಿಗೆ ಮೈಯೆಲ್ಲ ಉರಿ.

"ಅವರ ಹಿತ್ತಿಲ ಗೋಡೆ ಹತ್ತಿದ್ದೆ."

"ಪೊಲೀಸನಾಗಿ?"

"ಡ್ಯೂಟಿ ಮುಗಿದ್ಮೇಲೆ, ಮೇಡಂ. ಚೆನ್ನಾಗೇನೂ ಇಲ್ಲ ಬಿಡಿ, ಕತ್ತೆ ಒದರಿದಂಗಿದೆ. ಆದ್ರೆ ಇಷ್ಟು ಜೋರಾಗಿ ಕೇಳ್ಬೇಕಾದ್ರೆ ಕ್ಲಬ್ಬಿನ ಗೋಡೆಗೆ ಅಂಟಿದ ಮನೇನೇ ಆಗ್ಬೇಕು. ಇರೋದು ಎರಡು. ಒಂದಕ್ಕೆ ಬೀಗ."

ಇನ್ಸ್‌ಪೆಕ್ಟರ್ ಜೀಪಿನ ಕೀಲಿ ಎತ್ತಿಕೊಂಡರು. ದಾರಿಯುದ್ದಕ್ಕೂ ಸಾಲ್ವು ಸೀಟಿನ ತುದಿಯಲ್ಲೇ ಕೂತಿದ್ದ. ಕಂಪನಿಯ ನಲವತ್ತು ಜನ, ದಿಮೆಕ್ ಸಮೇತ, ಆ ಬ್ಯಾಂಡನ್ನು ಗಮನಿಸಿರಲಿಲ್ಲ. ನಮ್ಮಲ್ಲಿ ಮೇ, ಜೂನಿನಲ್ಲಿ ಬ್ಯಾಂಡ್ ಕೇಳಿಸದ ಬೀದಿಯೇ ಇಲ್ಲ, ಹಾಗಾಗಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಎದುರಾಳಿ ಕ್ಲಬ್ಬಿನವನ ಕಿವಿಗೆ ಮಾತ್ರ ಬೀಳುತ್ತದೆ.

ಹನ್ನೊಂದು ನಲವತ್ತಕ್ಕೆ ಝೈತೂನಿನಲ್ಲಿ ಬಾಗಿಲು ತಟ್ಟಿದರು.

"ಯಾರದು? ಕ್ಲಬ್ ಚಂದಾ ಕೊಟ್ಟಾಯ್ತು."

ಸಾಲ್ವು ಇನ್ಸ್‌ಪೆಕ್ಟರರ ತೋಳು ಹಿಡಿದುಕೊಂಡ. ಅದೇ ದನಿ. ಸಂಶಯವೇ ಇಲ್ಲ.

ಬಾಗಿಲು ತೆರೆದವರು ಚೆತ್ತಿನಾ ತೊನ್ನಾ, ಎಪ್ಪತ್ತೊಂದು ವರ್ಷದ ವಿಧವೆ. ಕೈಯಲ್ಲಿ ಫೋನಿತ್ತು. ಅಡುಗೆಮನೆಯ ಒಲೆಯ ಮೇಲೆ ಪಾತ್ರೆಯೇ ಇರಲಿಲ್ಲ. ಇನ್ಸ್‌ಪೆಕ್ಟರ್ ಧ್ವನಿಮುದ್ರಣ ಹಾಕಿದರು.

"ಇವಳೇ!" ಎಂದರು ಚೆತ್ತಿನಾ. "ನಿನ್ನೆ ಮೂರು ಸಲ ಕಂಪನಿಗೆ ಫೋನ್ ಮಾಡಿ ದೂರು ಕೊಟ್ಟೆ. ಆಡೋಕೇ ಬಿಡ್ಲಿಲ್ಲ ಹಾಳು ಮುದುಕಿ. ಸಿಕ್ಕಿದ್ಳಾ?"

"ಈ ದನಿ ಎಲ್ಲಾದ್ರೂ ಕೇಳಿದ ಹಾಗಿದೆಯಾ ಅಮ್ಮ?"

"ನಾನ್ಯಾಕೆ ಕೇಳ್ಲಿ ಇಂಥ ಒಡಕು ದನೀನ?"

ಸಾಲ್ವು ಬೀದಿಯ ಕಡೆ ಮುಖ ತಿರುಗಿಸಿದ. ಬೆಳಗಿನಿಂದ ಅವನ ಮುಖದ ಮೇಲಿದ್ದ ನಗು ಆರಿಹೋಗಿತ್ತು.

"ಈ ಆಟ ನಿಮಗೆ ಯಾರು ತೋರಿಸಿದ್ದು?"

"ಯಾರೂ ಇಲ್ಲ. ಇದರ ಸಂಗೀತ ನನ್ನ ಮಗಳು ಮಾರ್ವಿಕ್ ಮಾಡಿದ್ದು. ಕೇಳೋಣ ಅಂತ ತೆಗೆದೆ. ಐದು ವಾರ ಆಯ್ತು."

"ಮಗಳಿಗೆ ವಾಯ್ಸ್ ಮೆಸೇಜ್ ಹಾಕ್ತೀರಾ?"

"ಮುಂಚೆ ದಿನಾ ಹಾಕ್ತಿದ್ದೆ. ಕಂಪ್ಯೂಟರ್ ಮುಂದೆ ಕೂತ್ರೆ ಅವಳಿಗೆ ಊಟದ ನೆನಪೇ ಇರಲ್ಲ ನೋಡಿ."

ಫೋನಿನಲ್ಲಿ ಆ ಮೆಸೇಜು ಸಿಕ್ಕಿತು, ಏಪ್ರಿಲ್ ಮೂವತ್ತು, ರಾತ್ರಿ ಎಂಟು ಹದಿನೈದು. ಅದೇ ಮಾತು, ಹಿಂದೆ ಅದೇ ಬ್ಯಾಂಡ್. ಎದುರಿನ ಅಂಗಡಿಯವನನ್ನು ಸಾಕ್ಷಿಯಾಗಿ ಕರೆದು ಮಹಜರು ಬರೆದು ಫೋನನ್ನು ವಶಕ್ಕೆ ಪಡೆದರು. ಚೆತ್ತಿನಾ ಬಾಗಿಲವರೆಗೂ ಹಿಂದೆಯೇ ಬಂದರು.

"ಆರಕ್ಕೆ ಆಟ ತೆಗೀಬಹುದು ಅಂದ್ರು ಕಂಪನಿಯವರು. ಅಷ್ಟರೊಳಗೆ ಫೋನ್ ಕೊಡ್ತೀರಲ್ಲ?"

ಎರಡು ಇಪ್ಪತ್ತಕ್ಕೆ ಮಾರ್ವಿಕ್ ತೊನ್ನಾ, ವಯಸ್ಸು ನಲವತ್ತೊಂದು, ವಿಚಾರಣೆಗೆ ಕೂತಳು. ವಕೀಲರು ಪಕ್ಕದಲ್ಲಿದ್ದರು. ಎರಡು ಗಂಟೆ ಕಾಲ ಒಂದು ಮಾತೂ ಆಡಲಿಲ್ಲ, ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ಆರರ ತನಕ ಬಾಯಿ ಬಿಡದಿದ್ದರೆ ಆಟ ಸಾಯುತ್ತದೆ. ಇನ್ಸ್‌ಪೆಕ್ಟರಿಗೂ ಅದು ಅರ್ಥವಾಗಿತ್ತು. ಆದರೂ ಅವರು ಚೆತ್ತಿನಾರ ಫೋನನ್ನು ಮೇಜಿನ ಮೇಲಿಟ್ಟರು, ಏಕೆಂದರೆ ಅವರ ಕೆಲಸ ಅದು.

ಮಾರ್ವಿಕ್ ಕಣ್ಣು ಮುಚ್ಚಿಕೊಂಡಳು. ನಾಲ್ಕು ನಲವತ್ತಕ್ಕೆ ತಪ್ಪೊಪ್ಪಿಕೊಂಡಳು. ಬಂಧನ ದಾಖಲಾಯಿತು. ದಿಮೆಕ್‌ಗೆ ಫೋನ್ ಹೋಯಿತು.

"ಯಾಕೆ?" ಇನ್ಸ್‌ಪೆಕ್ಟರ್ ಕೇಳಿದರು.

"ಆಟ ಬಿಡು ಅಂತ ಬೈದೆ, ಕಣ್ಣೀರು ಹಾಕ್ದೆ, ಕಾಲು ಹಿಡ್ದೆ. ನನ್ನ ಮಾತು ಕೇಳಲ್ಲ ಅಮ್ಮ. ತನ್ನ ಮಾತನ್ನಾದ್ರೂ ಕೇಳ್ತಾಳೆ ಅನ್ಕೊಂಡೆ." ಮೇಜಿನ ಮೇಲಿನ ಫೋನು ನೋಡಿ ಕೇಳಿದಳು, "ಅಮ್ಮ ಕೇಳಿಸ್ಕೊಂಡ್ಳಾ ಮೇಡಂ?"

"ಕೇಳಿಸ್ಕೊಂಡ್ರು."

"ಗುರುತು ಹಿಡಿದ್ಳಾ?"

ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಹೇಳಿಕೆ ಬರೆಯುವಾಗ ಅವರು ಸುಳ್ಳು ಹೇಳಿದವರಲ್ಲ.

"ಹಿಡಿದ್ರು," ಎಂದರು.

ಮಾರ್ವಿಕ್ ಸಹಿ ಮಾಡಿದಳು. ಆರು ಗಂಟೆಗೆ ಆಟ ಮತ್ತೆ ಶುರುವಾಯಿತು.